ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ

ಕಡಲಲ್ಲಿ ಗಾಳಿಯಂತ್ರದ ಕಂಬಗಳನ್ನು ನೆಡುತ್ತಾರೆ ಎಂಬ ಸುದ್ದಿ ಬಂದ ದಿನದಿಂದ ಬಲೆ ಹೆಣೆಯುವ ಚಪ್ಪರದಲ್ಲಿ ಬೇರೆ ಮಾತೇ ಇರಲಿಲ್ಲ. ಕಂಬಕ್ಕಿಂತ ಮೊದಲು ಕಡಲ ತಳ ಪರೀಕ್ಷಿಸುವ ದೋಣಿ ಬಂತು. ಅದರಲ್ಲಿದ್ದವರು ಮನೆಮನೆಗೂ ಬಂದು, "ಮೀನು, ಏಡಿ ಮರಿ ಮಾಡೋ ಜಾಗ ಯಾವುದು?" ಎಂದು ಕೇಳಿದರು.

ಯಾರು ಹೇಳುತ್ತಾರೆ? ಮೀನಿನ ಜಾಗ ಬೇರೆಯವರಿಗೆ ಸಿಗದಂತೆ, ಉತ್ತರಕ್ಕಿರುವುದನ್ನು ದಕ್ಷಿಣಕ್ಕೆ ತೋರಿಸುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ದೋಣಿಗಳಲ್ಲೇ ಕೂದಲು ನರೆತ, ಊರೆಲ್ಲ ದೊಡ್ಡಪ್ಪ ಎಂದು ಕರೆಯುವ ಹಿರಿಯನೂ ದಕ್ಷಿಣಕ್ಕೆ ಕೈ ಚಾಚಿ, ಒಳಗೊಳಗೇ ನಕ್ಕ.

ಮೂರು ತಿಂಗಳು ಕಳೆದು ಅವನ ತಮ್ಮನ ಮಗಳು ಬಂದಳು. ಅದೇ ದೋಣಿಯಲ್ಲಿ ಕೆಸರು ಜರಡಿ ಹಿಡಿಯುವುದು ಅವಳ ಕೆಲಸ. ಕರಡು ನಕ್ಷೆಯನ್ನು ಚಾಪೆಯ ಮೇಲೆ ಹರಡಿದಳು.

"ನೋಡು ದೊಡ್ಡಪ್ಪ, ಉತ್ತರದ ಈ ಜಾಗ ಖಾಲಿ ಅಂತ ಬರೆದಿದ್ದಾರೆ. ಕಂಬಗಳಿಗೆ ಮೊದಲು ನೋಡ್ತಿರೋದೇ ಇದನ್ನ."

ದೊಡ್ಡಪ್ಪನ ಬಲೆಸೂಜಿ ನಿಂತಿತು. "ಅದು ಖಾಲಿನಾ? ಏಡಿಗಳ ತವರು ಕಣೇ ಅದು!"

"ದಕ್ಷಿಣ ತೋರಿಸಿದವರು ಯಾರೋ?"

ಒಳಗಿನಿಂದ ದೊಡ್ಡಮ್ಮ ಕೂಗಿದಳು: "ಹೆಣ್ಣು ಕೊಡೋಕೆ ಬಂದ ನಮ್ಮಪ್ಪ ದಾರಿ ಕೇಳಿದ್ರೆ, ಇವರು ತಮ್ಮ ಮನೆಗೇ ಎದುರು ದಿಕ್ಕು ತೋರಿಸಿದ್ರು! ಅಭ್ಯಾಸಬಲ!"

"ನೀನು ಸುಮ್ನಿರು ಮಾರಾಯ್ತಿ. ಅಲ್ವೇ ಮಗಳೇ, ಕೆಸರು ಎತ್ತಿ ನೋಡ್ತೀರಲ್ಲ, ಕಾಣಲ್ವಾ?"

"ಕಡಲೇನು ಊಟದ ತಟ್ಟೇನಾ? ಮೈಲಿಗೊಂದು ಕಡೆ, ತಳ ಕಚ್ಚಿ ತರೋ ಉಕ್ಕಿನ ತೊಟ್ಟಿ ಇಳಿಸ್ತೀವಿ. ಬಂದ್ರೆ ಒಂದು ಬುಟ್ಟಿ ಕೆಸರು. ನಡುವೆ ಏನಿದೆ ಅಂತ ನಿಮ್ಮಂಥವರೇ ಹೇಳಬೇಕು."

"ಹೇಳಿದ್ರೆ ಬಿಟ್ಬಿಡ್ತಾರಾ?"

"ಬಿಡ್ತಾರೆ ಅಂತ ಆಣೆ ಇಡಲ್ಲ. ಆದ್ರೆ ನಕ್ಷೆಯಲ್ಲಿ ಬರೆಯದೇ ಇದ್ದದ್ದನ್ನ ಉಳಿಸಿ ಅಂತ ಕೇಳೋದು ಹೇಗೆ? ನಾಳೆ ಏಡಿ ಕಡಿಮೆಯಾದ್ರೆ, ಮೊದಲು ಎಷ್ಟಿತ್ತು ಅನ್ನೋಕೆ ಸಾಕ್ಷಿ ಬೇಡ್ವಾ?"

ದೊಡ್ಡಪ್ಪನಿಗೆ ತನ್ನ ಅಪ್ಪನ ನೆನಪಾಯಿತು. ಆಗ ಯಂತ್ರವೆಲ್ಲಿತ್ತು? ಸೀಸದ ಗುಂಡಿನ ಬುಡದ ಕುಳಿಗೆ ಮೇಣ ತುಂಬಿ, ಹಗ್ಗ ಕಟ್ಟಿ, ಆಳವನ್ನು ಮಾರುಗಳಲ್ಲಿ ಎಣಿಸುತ್ತ ಇಳಿಸುತ್ತಿದ್ದರು. ಮೇಣಕ್ಕೆ ಅಂಟಿ ಬಂದದ್ದನ್ನು ಅಪ್ಪ ಬೆರಳಲ್ಲಿ ತಿಕ್ಕಿ, ಮೂಸಿ, ಕಣ್ಣು ಮುಚ್ಚಿ ಹಾಡುತ್ತಿದ್ದ. ಆ ಹಾಡು ತಾನಾಗಿ ಬಾಯಿಗೆ ಬಂತು:

"ಹತ್ತು ಮಾರಿಗೆ ಮರಳು, ಹನ್ನೆರಡಕೆ ಚಿಪ್ಪು,
ಹದಿನೈದಕೆ ಕರಿಯ ಕೆಸರಿನ ಹಾಸು;
ಬಲೆಯ ಬೀಸದಿರು ಮಗನೆ, ಬಸಿರ ಮನೆಯಿದು,
ಹಾಸಿದಾತಗೆ ಕೈಯ ಮುಗಿದು ಸಾಗು."

"ಇದನ್ನೇ ಅಲ್ವಾ ನಾವು ಮೂರು ತಿಂಗಳಿಂದ ಹುಡುಕ್ತಿರೋದು!" ಎಂದಳು ತಮ್ಮನ ಮಗಳು.

ಮರುದಿನ ದೊಡ್ಡಪ್ಪ ಪರೀಕ್ಷೆಯ ದೋಣಿ ಹತ್ತಿದ. ದಡದ ಗುಡ್ಡಗಳನ್ನು ಕಣ್ಣಲ್ಲೇ ಅಳೆದು, "ಇಲ್ಲಿ" ಎಂದ. ತೊಟ್ಟಿ ಇಳಿಯಿತು, ಬಾಯ್ತುಂಬ ಕರಿಕೆಸರು ಕಚ್ಚಿಕೊಂಡು ಮೇಲೆ ಬಂತು. ಜರಡಿಯಲ್ಲಿ ನೀರು ಹಾಯಿಸಿದಾಗ ಉಳಿದದ್ದು ನೂಲಿನಂಥ ಕೆಂಪು ಹುಳುಗಳು, ಉಗುರಿನಷ್ಟು ಚಿಪ್ಪುಗಳು, ಹೊಟ್ಟೆಯಡಿ ಮೊಟ್ಟೆ ಹೊತ್ತ ಎರಡು ಪುಟ್ಟ ಏಡಿಗಳು. ಮಗಳು ಒಂದೊಂದನ್ನೂ ಎಣಿಸಿ ಬರೆದುಕೊಂಡಳು. ದೊಡ್ಡಪ್ಪ ಚಿಟಿಕೆ ಕೆಸರನ್ನು ಬೆರಳಲ್ಲಿ ತಿಕ್ಕಿ ಮೂಸಿದ.

"ಅಪ್ಪ ಮುಟ್ಟಿದ ಕೆಸರು ಕಣೇ," ಎಂದ. ಕಣ್ಣೊರೆಸಿಕೊಂಡು, "ಉಪ್ಪುಗಾಳಿ," ಎಂದ.

ಕಂಬಗಳು ಎಲ್ಲಿ ನಿಲ್ಲುತ್ತವೆಂಬುದು ಇನ್ನೂ ತೀರ್ಮಾನವಾಗಿಲ್ಲ. ಆದರೆ ಆ ಜಾಗ ಈಗ ನಕ್ಷೆಯಲ್ಲಿ ಖಾಲಿಯಿಲ್ಲ.

ಬಂಧುಗಳೇ, ನಿಮ್ಮ ಕಡಲಿಗೂ ಇಂಥ ದೋಣಿ ಬಂದೀತು. ಮೀನಿನ ಜಾಗವನ್ನು ಪಕ್ಕದ ದೋಣಿಯವನಿಂದ ಬಚ್ಚಿಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಪರೀಕ್ಷೆಯವರಿಂದ ಮಾತ್ರ ಬಚ್ಚಿಡಬೇಡಿ. ಎಲ್ಲಿ, ಯಾವ ತಿಂಗಳಲ್ಲಿ, ಏನು ಮರಿ ಮಾಡುತ್ತದೆಂದು ಹೇಳಿ. ಹಿರಿಯರನ್ನು ಜೊತೆಗೆ ಕಳುಹಿಸಿ. ಹೇಳಿದ್ದನ್ನು ಬರೆದಿದ್ದಾರೋ ಇಲ್ಲವೋ, ನಕ್ಷೆ ತರಿಸಿ ನೋಡಿ. ತಳದಲ್ಲಿರುವ ಜೀವಗಳಿಗೆ ಬಾಯಿಲ್ಲ, ನಮಗಿದೆ. ಕಂಬ ಇಳಿಯುವ ಮೊದಲೇ ಮಾತಾಡೋಣ.