ಒಂದೇ ಪಾತ್ರೆಯ ಸೋಯಾ ಹಾಲು

ಹೆಂಡತಿಯ ಹೃದಯ ನಿಂತುಹೋಯಿತೆಂದು ಆಸ್ಪತ್ರೆಯಿಂದ ಸುದ್ದಿ ಬಂದಾಗ, ಬಡಗಿ ಅವಳಿಗೆ ಒಯ್ಯಲೆಂದು ಸೋಯಾ ಹಾಲನ್ನು ಬಟ್ಟೆಯಲ್ಲಿ ಸೋಸುತ್ತಿದ್ದ. ಕೈ ನಿಲ್ಲಲಿಲ್ಲ. ಪೂರ್ತಿ ಹಿಂಡಿ, ಹಿಪ್ಪೆಯನ್ನು ಪಕ್ಕಕ್ಕಿಟ್ಟ ಮೇಲೆಯೇ ನೆಲಕ್ಕೆ ಕುಸಿದ.

ಮುಟ್ಟು ನಿಂತ ಮೇಲೆ ಅವಳಿಗೆ ಮೈ ಬಿಸಿಯೇರಿ ಬೆವರುವ ಕಾಟ ಶುರುವಾಗಿತ್ತು. ಅಂದಿನಿಂದ ಅವನೇ ಕಾಳು ನೆನೆಸಿ, ರುಬ್ಬಿ, ಕುದಿಸಿ ಕೊಡುತ್ತಿದ್ದ. ಜೊತೆಗೆ ತಾನೂ ಒಂದು ಲೋಟ ಕುಡಿಯುತ್ತಿದ್ದ. ಸೋಯಾ ಸೇವಿಸುವವರ ಮೂತ್ರ ಪರೀಕ್ಷಿಸುತ್ತೇವೆಂದು ವಿಶ್ವವಿದ್ಯಾಲಯದವರು ಕೇಳಿದಾಗ ಇಬ್ಬರೂ ನಗುನಗುತ್ತಾ ಕೊಟ್ಟಿದ್ದರು.

ಕ್ರಿಯಾಕರ್ಮವೆಲ್ಲ ಮುಗಿದ ಮೇಲೆ ಅಡುಗೆಮನೆ ತೊಳೆಯುತ್ತಿದ್ದ ನಾದಿನಿ ತಡೆಯಲಾರದೆ ಅಂದಳು: "ಸೋಯಾ ಸತ್ವದ ಮಾತ್ರೆ ತಂದ್ಕೊಡಿ ಅಂತ ಬಡ್ಕೊಂಡೆ, ಭಾವ. ನೀವು ರುಬ್ಬಿದ್ದೆಲ್ಲ ಅಕ್ಕನ ಬಾಯಿಂದ ಬಚ್ಚಲಿಗೆ ಹೋಯ್ತು, ಅಷ್ಟೇ."

ಆ ಮಾತು ಉಳಿಯಂತೆ ಎದೆಗೆ ನಾಟಿತು. ತಾನು ರುಬ್ಬಿದ್ದು ಅವಳನ್ನು ತಲುಪಲೇ ಇಲ್ಲವೇ? ಕೇಳೋಣವೆಂದರೆ ಅವಳೇ ಇಲ್ಲ. ಅವನು ನೆಟ್ಟಗೆ ಮೂತ್ರ ಪರೀಕ್ಷಿಸಿದ್ದ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ನಡೆದ.

ಪರೀಕ್ಷೆ ಮಾಡಿದ ಹೆಂಗಸು ಸ್ಟೂಲು ಎಳೆದು ಕೂರಿಸಿದಳು. "ಕಾಳಲ್ಲಿರೋ ಸತ್ವಕ್ಕೆ ಸಕ್ಕರೆ ಅಂಟ್ಕೊಂಡಿರುತ್ತೆ, ಯಜಮಾನ್ರೇ. ಹಾಗೇ ಇದ್ರೆ ಕರುಳಿನ ಗೋಡೆ ದಾಟೋದು ಕಷ್ಟ. ಬಿಡಿಸಿದ ಮೇಲೇ ರಕ್ತಕ್ಕೆ ಇಳಿಯೋದು. ಹೆಚ್ಚಿನ ಸೋಯಾ ಮಾತ್ರೆಗಳಿಗೂ ಅದೇ ದಾರಿ."

"ಬಿಡಿಸೋರು ಯಾರು?"

"ಕರುಳೇ ಸ್ವಲ್ಪ ಬಿಡಿಸುತ್ತೆ. ಉಳಿದದ್ದು ಅಲ್ಲಿ ಬಿಡಾರ ಹೂಡಿರೋ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳ ಕೆಲಸ."

"ಅಂಟು ಬಿಡಿಸೋ ಪಾಡು ನಂಗೊತ್ತು, ತಾಯಿ. ಹಲಗೆ ಸೀಳದ ಹಾಗೆ ಬಿಡಿಸ್ತಾವಾ?"

"ಅಷ್ಟು ನಾಜೂಕು. ನಿಮ್ಮಿಬ್ಬರ ಮೂತ್ರದಲ್ಲೂ ಆ ಸತ್ವ ಸಿಕ್ತು, ಅಂದ್ರೆ ರಕ್ತಕ್ಕೆ ಸೇರಿತ್ತು. ಅಮ್ಮನವರಲ್ಲಿ ಮಾತ್ರ ಇನ್ನೊಂದಿತ್ತು. ಅವರೊಳಗಿನ ಜೀವಿಗಳು ಆ ಸತ್ವದಿಂದ ಬೇರೆಯೇ ಒಂದು ಪದಾರ್ಥ ಮಾಡಿದ್ವು. ಎಲ್ಲರಲ್ಲೂ ಅದಾಗಲ್ಲ. ನಿಮ್ಮಲ್ಲಿ ಸಿಗಲೇ ಇಲ್ಲ."

"ಒಂದೇ ಪಾತ್ರೆ ಹಾಲಲ್ವಾ?"

"ಒಂದೇ. ಅದರಿಂದ ಅವರಿಗೆಷ್ಟು ಗುಣ ಆಯ್ತು ಅಂತ ನಾನು ಹೇಳಲಾರೆ. ತಲುಪಿದ್ದು ಮಾತ್ರ ನಿಜ."

"ಅಂದ್ರೆ ನಾನು ಬರೀ ಕೊರಡು ಅನ್ನಿ," ಎಂದ ಬಡಗಿ. ನಗು ಬಂತು, ನಗುವಿನ ಬೆನ್ನಿಗೇ ಕಣ್ಣೀರೂ ಬಂತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಒಂದೇ ಸೂರಿನಡಿ ಬಾಳಿ, ಅವಳ ಕೆಮ್ಮಿನ ದನಿಯಿಂದಲೇ ಮನಸ್ಸು ತಿಳಿಯುತ್ತಿದ್ದವನು ಅವನು. ಅಂಥವಳೊಳಗೆ ಇಂಥದೊಂದು ಕೆಲಸ ಹಗಲಿರುಳು ಸದ್ದಿಲ್ಲದೆ ನಡೆಯುತ್ತಿತ್ತು. ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಕೈಗಳು ತಾವಾಗಿಯೇ ಮುಗಿದವು.

"ದೇವರೇ, ನಾನು ಕಾಣದ ಅವಳನ್ನೂ ನೀನು ಕಂಡಿದ್ದೀಯೆ. ಈಗ ಅವಳು ಪೂರ್ತಿ ನಿನ್ನವಳು. ಆ ಜೀವಕ್ಕೆ ಶಾಂತಿ ಕೊಡು."