ಚೀಲದ ಮೇಲಿನ ನಂಬರು

ಒಂದಾನೊಂದು ಓಣಿಯಲ್ಲಿ ಒಬ್ಬ ಟೈಲರಮ್ಮ ಇದ್ದಳು. ಅವಳಿಗೆ ಕೋಟೆಯಿಲ್ಲ, ಕಾವಲಿಲ್ಲ. ಇದ್ದದ್ದು ಮುಂಗೋಣೆಯೇ ಅಂಗಡಿಯಾದ ಎರಡು ಕೋಣೆಯ ಮನೆ, ಹೊಲಿಗೆ ಯಂತ್ರ, ನರ್ಸ್ ಮಗಳು, ತೊಟ್ಟಿಲಲ್ಲಿ ಮೊಮ್ಮಗಳು. ಮರೆಯಬಾರದೆಂದು ಮನೆಯ ವೈಫೈಗೆ ಅಂಗಡಿಯ ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡಿದ್ದಳು. ಆ ನಂಬರು ಅವಳು ಗಿರಾಕಿಗಳಿಗೆ ಕೊಡುವ ಪ್ರತಿ ಬಟ್ಟೆಚೀಲದ ಮೇಲೂ ಅಚ್ಚಾಗಿತ್ತು. ಕಾಯುತ್ತ ಕೂತವರು ಪಾಸ್‌ವರ್ಡ್ ಕೇಳಿದರೆ, ಚೀಲ ನೋಡಿಕೊಳ್ಳಿ ಎನ್ನುವಳು.

ಪಾಸ್‌ವರ್ಡ್ ಬದಲಾಯಿಸು ಎಂದು ಮಗಳು ಹೇಳಿ ತಿಂಗಳಾಗಿತ್ತು. ಈ ಗುಂಡಿಯ ಕಾಜಾ ಒಂದು ಮುಗಿಯಲಿ, ನಾಳೆ ಮಾಡೋಣ ಎಂದು ಅಮ್ಮ ಮಾತು ಕೊಡುತ್ತಲೇ ಇದ್ದಳು. ನಮ್ಮ ಮನೆಯಲ್ಲಿ ಕದಿಯಲು ಚೂರುಬಟ್ಟೆ ಬಿಟ್ಟರೆ ಏನಿದೆ ಎಂದು ಅವಳ ವಾದ.

ಒಂದು ಮಧ್ಯಾಹ್ನ ಗಿರಾಕಿ ಟೀಚರಮ್ಮ ತನ್ನ ಹೊಸ ಅಂಗಿ ಹಾಕಿ ನೋಡಲು ಒಳಕೋಣೆಯ ಪರದೆಯ ಹಿಂದೆ ಹೋದಳು. ತೊಟ್ಟಿಲೂ ಅದೇ ಕೋಣೆಯಲ್ಲಿ. ಆಸ್ಪತ್ರೆಯಿಂದ ಮಗುವನ್ನು ನೋಡಲೆಂದು ಮಗಳು ಇಟ್ಟಿದ್ದ ಪುಟ್ಟ ಕ್ಯಾಮೆರಾ ಸದಾ ತೊಟ್ಟಿಲ ಕಡೆಗೇ ಮುಖ ಮಾಡಿರುತ್ತಿತ್ತು. ಪಿನ್ನು ಕೊಡಲು ಹೋದ ಟೈಲರಮ್ಮನ ಎದುರಿಗೇ ಅದು ಗುರ್ರೆಂದು ಕತ್ತು ತಿರುಗಿಸಿತು, ಪರದೆಯತ್ತ.

ಮಗಳು ಹೊರಗೆ ಬಟ್ಟೆ ಮಡಿಸುತ್ತಿದ್ದಳು. ಕ್ಯಾಮೆರಾ ತಿರುಗಿಸುವ ಅವಳ ಫೋನು ಮೇಜಿನ ಮೇಲಿತ್ತು. ಹಾಗಾದರೆ ತಿರುಗಿಸಿದ್ದು ಯಾರು?

ಟೈಲರಮ್ಮ ಒಂದೇ ನೆಗೆತಕ್ಕೆ ಕ್ಯಾಮೆರಾದ ವೈರು ಕಿತ್ತಳು. ಮಗಳು ಓಡಿಬಂದು ಫೋನಿನಲ್ಲಿ, ರೂಟರಿಗೆ ಸೇರಿಕೊಂಡಿದ್ದ ಫೋನುಗಳ ಪಟ್ಟಿ ತೆರೆದಳು. ಟೀಚರಮ್ಮನದೂ ಸೇರಿ ಮನೆಯಲ್ಲಿದ್ದದ್ದು ಮೂರು ಫೋನು. ಪಟ್ಟಿಯಲ್ಲಿ ಹನ್ನೊಂದು.

ಟೀಚರಮ್ಮನಿಗೆ ಹೇಳುವುದು ಬೇಡ, ಹೆದರುತ್ತಾರೆ ಎಂದು ಮಗಳು ಪಿಸುಗುಟ್ಟಿದಳು. ಆದರೆ ಟೈಲರಮ್ಮ ಎಲ್ಲವನ್ನೂ ಹೇಳಿಯೇಬಿಟ್ಟಳು. ಅಂಗಿ ಕೈಯಲ್ಲಿ ಹಿಡಿದೇ ಹೊರಬಂದ ಟೀಚರಮ್ಮ ಸಿಡಿದಳು.

"ಪರದೆ ಮುಚ್ಚಿತ್ತು, ಬದುಕ್ದೆ. ಆದ್ರೆ ನಿಮ್ಮ ಧಾರಾಳತನಕ್ಕೆ ನಮ್ಮ ಮಾನ ಹೋಗ್ಬೇಕಾ ಅಕ್ಕ? ಇದು ಸರಿಹೋಗೋವರೆಗೂ ನಾನಿಲ್ಲಿ ಬಟ್ಟೆ ಹಾಕ್ಕೊಂಡು ನೋಡಲ್ಲ. ಬೇರೆಯವರಿಗೂ ಬೇಡ ಅಂತೀನಿ."

"ಈಗ್ಲೇ ಸರಿ ಮಾಡ್ತೀನಿ. ಕೂತಿರಿ, ಕಣ್ಣಾರೆ ನೋಡ್ಕೊಂಡೇ ಹೋಗಿ."

ಮಗಳು ಹೇಳುತ್ತ ಹೋದಳು, ಅಮ್ಮ ಒತ್ತುತ್ತ ಹೋದಳು. ರೂಟರು ಕೊಂಡಾಗಲೇ ಅದರಲ್ಲಿದ್ದ, ಅದರ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಮೊದಲು ಬದಲಾಯಿತು. ವೈಫೈಗೆ ಯಾವ ಚೀಲದ ಮೇಲೂ ಇಲ್ಲದ, ಉದ್ದನೆಯ ಹೊಸದು ಬಂತು. ಕಾಯುವವರಿಗೆ ಏನು ಗತಿ ಎಂದು ಅಮ್ಮನ ಬೆರಳು ಒಮ್ಮೆ ತಡೆದು ನಿಂತಿತು.

"ಅವರಿಗೆ ಬೇರೇದೇ ವೈಫೈ ಮಾಡ್ಕೊಡ್ತೀನಮ್ಮ. ಜಗಲಿ ಇದ್ದ ಹಾಗೆ. ಕೂತ್ಕೋಬಹುದು, ಒಳಗೆ ನುಗ್ಗೋ ಹಾಗಿಲ್ಲ."

ಬೆರಳು ಗುಂಡಿ ಒತ್ತಿತು. ಪಟ್ಟಿ ಪೂರ್ತಿ ಖಾಲಿ. ಮಗಳ ಫೋನು ಸೇರಿತು, ಅಮ್ಮನದು ಸೇರಿತು. ಗುರುತಿಲ್ಲದ ಒಂದೂ ಮತ್ತೆ ಬರಲಿಲ್ಲ. ಗಿರಾಕಿ ಒಳಗಿದ್ದಾಗ ಕ್ಯಾಮೆರಾ ಹಾಕುವುದಿಲ್ಲವೆಂದು ಅಮ್ಮನೇ ಹೇಳಿದಳು. ಅದರ ಪಾಸ್‌ವರ್ಡನ್ನೂ ಬದಲಿಸದೆ ವೈರು ಮುಟ್ಟುವುದಿಲ್ಲವೆಂದಳು.

ಟೀಚರಮ್ಮ ಬಗ್ಗಿ, ಫೋನಿನ ಪಟ್ಟಿಯ ಮೇಲೆ ಬೆರಳಿಟ್ಟು ಒಂದು, ಎರಡು ಎಂದು ತಾನೇ ಎಣಿಸಿದಳು. ಮತ್ತೆ ಎಣಿಸಿದಳು. ಆಮೇಲೆ ಅಂಗಿಯನ್ನು ಎತ್ತಿಕೊಂಡು ಒಳಕೋಣೆಗೆ ನಡೆದಳು.