ಮಾರೆನ್ ಓದಿದ ಐದು ನಿಮಿಷ

ಆ ಶುಕ್ರವಾರ ಮಿರ್ತಾಲಾಳಿಗೆ ಬೆಳಗಿನಿಂದಲೇ ಸಿಟ್ಟು. ಸ್ಪ್ಯಾನಿಷ್ ಶಾಲೆಯ ಬೀಳ್ಕೊಡುಗೆ ಊಟಕ್ಕೆಂದು ಆಲೂಗಡ್ಡೆ ಹಿಟ್ಟಿನ ಪಾಚೆ ಬೇಯಿಸಿ, ಸುತ್ತಿದ ಎಲೆ ಬಿಚ್ಚದ ಹಾಗೆ ಬುಟ್ಟಿಗೆ ಜೋಡಿಸುತ್ತಿದ್ದಾಗ ಅಂಗಳದಿಂದ ಅಮ್ಮನ ನಗು ಕೇಳಿಸಿತು. ಎಂಬತ್ತು ತುಂಬಿದ ದೋನ್ಯಾ ಫೆಲಿಸಿತಾ ಮಗಳ ಜೊತೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ಅಮೆರಿಕದ ಹುಡುಗಿ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತರೆ ಮಾತ್ರ ಮುದುಕಿಯ ಬಾಯಿಗೆ ಬಿಡುವೇ ಇಲ್ಲ.

ಹುಡುಗಿಯ ಹೆಸರು ಮಾರೆನ್. ಅವಳ ದೇಶದಲ್ಲಿ ಅದು ಬೇಸಿಗೆ ರಜೆ. ಇಲ್ಲಿ, ಮಿರ್ತಾಲಾಳ ಊರು ಶೇಲಾದಲ್ಲಿ, ಮಧ್ಯಾಹ್ನವಾದರೆ ಮಳೆ. ಆರು ವಾರದ ಹಿಂದೆ ಬೆನ್ನ ಮೇಲೆ ಚೀಲ ಹೊತ್ತು ಬಂದವಳು, ತನಗೆ ಹಸಿವಾಗಿದೆ ಎನ್ನಲು ಹೋಗಿ, ಸ್ಪ್ಯಾನಿಷ್‌ನಲ್ಲಿ ಒಂದಕ್ಷರ ತಪ್ಪಿ, ತನಗೆ ಗಂಡಸಾಗಿದೆ ಎಂದುಬಿಟ್ಟು ಮನೆಯವರನ್ನೆಲ್ಲ ನಗಿಸಿದ್ದಳು. ಮಿರ್ತಾಲಾ ಒಂಬತ್ತು ವರ್ಷದಿಂದ ಇಂಥ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಜಾಗ ಕೊಟ್ಟು, ಊಟ ಹಾಕಿ, ಮಾತು ಕಲಿಸಿ ಕಳಿಸಿದವಳು. ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟವಳಲ್ಲ. ಈ ಸಲ ಪಟ್ಟಿದ್ದಳು.

"ಅವಳ ಹತ್ರ ಅಷ್ಟೊಂದು ಏನಮ್ಮ ಮಾತಾಡ್ತೀಯ?" ಎಂದು ಹಿಂದಿನ ವಾರ ಕೇಳಿದ್ದಳು.

"ಹಳೇ ಕಾಲದ್ದು. ನಿಂಗೆ ಹಿಡಿಸಲ್ಲ ಬಿಡು."

ಮಂಡಿನೋವೆಂದು ಅಮ್ಮ ಊಟಕ್ಕೆ ಬರಲಿಲ್ಲ. ಮಿರ್ತಾಲಾ ಬುಟ್ಟಿ ಹೊತ್ತು ಒಬ್ಬಳೇ ಹೋದಳು.

ಶಾಲೆಯ ಅಂಗಳದಲ್ಲಿ ತಗಡಿನ ಚಾವಣಿ ಕೆಳಗೆ ಬೆಂಚುಗಳು. ವಿದ್ಯಾರ್ಥಿಗಳಿಗೆ ಜಾಗ ಕೊಟ್ಟ ಮನೆಗಳ ಹೆಂಗಸರು ಮುಂದೆ ಕೂತಿದ್ದರು. ಹೊರಡುವ ವಿದ್ಯಾರ್ಥಿಗಳು ತಲಾ ಐದು ನಿಮಿಷ ಸ್ಪ್ಯಾನಿಷ್‌ನಲ್ಲಿ ಮಾತಾಡಬೇಕು, ಆಮೇಲೆ ಊಟ. ಬೋಳುತಲೆಯ ಡಚ್ ವಿದ್ಯಾರ್ಥಿಯೊಬ್ಬ ತನ್ನ ನಾಯಿಯ ಬಗ್ಗೆ ಹೇಳಿ ಕೂತ. ಮಾರೆನ್ ಎದ್ದಳು. ಕೈಯಲ್ಲಿ ಎರಡು ಹಾಳೆ. ಅವಳ ಮೇಷ್ಟ್ರು ಎದ್ವಿನ್ ಹಿಂದೆ ಗೋಡೆಗೊರಗಿ ನಿಂತಿದ್ದ.

"ನನ್ನ ಮನೆಯ ಅಜ್ಜಿಗೆ ಎರಡು ಮಕ್ಕಳು ಇದ್ದಾನೆ," ಎಂದು ಶುರುಮಾಡಿದಳು. ಹೆಂಗಸರು ನಕ್ಕರು. ಮಿರ್ತಾಲಾ ಕೂಡ ನಕ್ಕಳು. "ಒಂದು ಹುಡುಗ. ಅವನ ಹೆಸರು ಒಬ್ದೂಲಿಯೋ. ಮೇಷ್ಟ್ರು ಆಗಲು ಓದುತ್ತಾನೆ. ಎಲ್ಲರೂ ಹೇಳುತ್ತಾರೆ, ಅವನು ಉತ್ತರಕ್ಕೆ ಹೋದ. ಅವನು ಹೋಗಿಲ್ಲ."

ಮಿರ್ತಾಲಾಳ ನಗು ಮುಖದ ಮೇಲೆಯೇ ಗಟ್ಟಿಯಾಯಿತು.

ಒಬ್ದೂಲಿಯೋ ಅವಳ ಅಣ್ಣ. ಅವಳಿಗೆ ನಾಲ್ಕು ವರ್ಷವಿದ್ದಾಗ ಮೆಕ್ಸಿಕೋ ದಾಟಿ ಅಮೆರಿಕಕ್ಕೆ ಹೋದವನು, ಒಂದು ಕಾಗದ ಬರೆಯದವನು, ಹೆತ್ತವರನ್ನು ಮರೆತವನು. ಅಪ್ಪ ಹಾಗೆ ಹೇಳಿದ್ದರು, ಅವಳು ಹಾಗೆ ನಂಬಿದ್ದಳು. ತನಗೆ ಹದಿನೈದು ತುಂಬಿದ ಹಬ್ಬದ ದಿನ, ಉದ್ದ ಲಂಗ ತೊಟ್ಟು ಬಾಗಿಲಲ್ಲಿ ಅವನಿಗಾಗಿ ಕಾದು ಕಾದು ಸೋತು, ಮನೆಯಲ್ಲಿದ್ದ ಒಂದೇ ಒಂದು ಫೋಟೋದಿಂದ ಅವನ ಮುಖವನ್ನು ಕತ್ತರಿಯಲ್ಲಿ ಕತ್ತರಿಸಿ ಒಲೆಗೆ ಹಾಕಿದ್ದಳು. ಅಮ್ಮ ಒಲೆಯ ಪಕ್ಕದಲ್ಲೇ ಇದ್ದಳು. ರೊಟ್ಟಿ ತಟ್ಟುತ್ತಲೇ ಇದ್ದಳು.

"ಸೈನಿಕರು ಬೆಳಿಗ್ಗೆ ಬರುತ್ತದೆ," ಮಾರೆನ್ ಓದುತ್ತಿದ್ದಳು.

"ಬಂದರು," ಎದ್ವಿನ್ ಹಿಂದಿನಿಂದ ಮೆಲ್ಲಗೆ ತಿದ್ದಿದ. "ಭೂತಕಾಲ."

"ಬಂದರು. ಒಬ್ದೂಲಿಯೋನ ಕೂದಲು ಹಿಡಿದು ಬಾಗಿಲಲ್ಲಿ ನಿಲ್ಲಿಸಿದರು. ಅಪ್ಪನನ್ನು ಕೇಳಿದರು, ಇವನು ನಿನ್ನ ಮಗನಾ? ಅಪ್ಪ ಹೇಳುತ್ತಾನೆ..."

"ಹೇಳಿದರು."

"ಅಪ್ಪ ಹೇಳಿದರು, ಅಲ್ಲ. ನಾನು ಇವನನ್ನು ನೋಡಿಲ್ಲ. ಒಬ್ದೂಲಿಯೋ ಅಪ್ಪನನ್ನು ನೋಡಿದ. ಏನೂ ಹೇಳಲಿಲ್ಲ. ಲಾರಿ ಹೋಯಿತು." ಅವಳು ಹಾಳೆ ತಿರುವಿದಳು. "ಅಜ್ಜಿಗೆ ತುಂಬ ಧೈರ್ಯ ಇದೆ. ನನ್ನ ಬೇಸಿಗೆಯ ದೊಡ್ಡ ಪಾಠ ಇದು. ಧನ್ಯವಾದ."

ಚಪ್ಪಾಳೆ ಬಿತ್ತು. ಡಚ್ ವಿದ್ಯಾರ್ಥಿ ಕಣ್ಣೊರೆಸಿಕೊಂಡ. ಪಕ್ಕದಲ್ಲಿದ್ದ ಹೆಂಗಸು ಮಿರ್ತಾಲಾಳ ಮೊಣಕೈ ತಿವಿದು, "ಅಯ್ಯೋ ಪಾಪ, ಯಾರ ಮನೇದು ಕಣೇ ಇದು?" ಎಂದಳು. ಹಾಗಂದ ಮೇಲೆ ಅವಳಿಗೇ ಹೊಳೆದು ಬಾಯಿ ಮುಚ್ಚಿಕೊಂಡಳು.

ಮಿರ್ತಾಲಾ ಎದ್ದಳು. ಬೆಂಚು ಹಿಂದಕ್ಕೆ ಬಿತ್ತು.

"ಎದ್ವಿನ್, ಇದನ್ನ ಬರೆಸಿದ್ದು ನೀನೇನಾ?"

"ದೋನ್ಯಾ ಮಿರ್ತಾಲಾ, ಅವಳೇ ಬರೆದಿದ್ದು. ನಾನು ಬರೀ ತಿದ್ದಿದೆ. ಮೂರು ವಾರ ಕೂತು..."

"ಏನು ತಿದ್ದಿದೆ? ಕ್ರಿಯಾಪದಾನಾ? ನಮ್ಮಣ್ಣನ್ನ ಎಳ್ಕೊಂಡು ಹೋದರೋ, ಎಳ್ಕೊಂಡು ಹೋಗ್ತಾರೋ ಅಂತ ಮೂರು ವಾರ ಕೂತು ತಿದ್ದಿದ್ಯಾ? ನಮ್ಮನೆ ಇಲ್ಲೇ ಎರಡು ಬೀದಿ ಆಚೆ ಇದೆಯಪ್ಪ. ಒಂದ್ಸಲ ಬಂದು ಬಾಗಿಲು ತಟ್ಟಿ, ಇದು ನಿಮಗೆ ಗೊತ್ತಾ ಅಂತ ಕೇಳೋಕೆ ನಿನ್ನ ಕಾಲಿಗೇನಾಗಿತ್ತು?"

"ನಿಮಗೆ ಗೊತ್ತಿರುತ್ತೆ ಅನ್ಕೊಂಡೆ. ನಿಮ್ಮಣ್ಣ ಅಲ್ವಾ."

ಆ ಮಾತಿಗೆ ಅವಳ ಸಿಟ್ಟು ಇಮ್ಮಡಿಯಾಯಿತು. ಮಾರೆನ್ ಕಡೆ ತಿರುಗಿದಳು. ಹುಡುಗಿಯ ಮುಖ ಸುಣ್ಣದ ಹಾಗೆ ಬಿಳುಚಿತ್ತು.

"ನಾನು ಅಜ್ಜಿಯನ್ನು ಕೇಳಿದೆ," ಎಂದಳು ಮಾರೆನ್. "ಓದಬಹುದಾ ಅಂತ. ಅಜ್ಜಿ ಹೂಂ ಅಂದರು. ನೀವು ಗೊತ್ತು ಅಂತ ನಾನು ಯೋಚಿಸುತ್ತೇನೆ." ಈ ಸಲ ಯಾರೂ ತಿದ್ದಲಿಲ್ಲ.

"ಮೂವತ್ತೇಳು ವರ್ಷ ಅವನಿಗೆ ಶಾಪ ಹಾಕ್ಕೊಂಡು ಬದುಕಿದೀನಿ ನಾನು. ನೀನು ಐದು ನಿಮಿಷ ಓದಿ ಚಪ್ಪಾಳೆ ತಗೊಂಡೆ. ಕೊಡಿಲ್ಲಿ."

ಹಾಳೆಗಳನ್ನು ಕಿತ್ತುಕೊಂಡು ಅವಳು ಹೊರಟಳು. ಪಾಚೆಯ ಬುಟ್ಟಿ ಬಿಚ್ಚದೆ ಅಲ್ಲೇ ಉಳಿಯಿತು.

ಮನೆಯಲ್ಲಿ ಅಮ್ಮ ಮಡಿಲಿಗೆ ತಟ್ಟೆ ಇಟ್ಟುಕೊಂಡು ಹುರುಳಿಕಾಯಿಯ ಬೀಜ ಬಿಡಿಸುತ್ತಿದ್ದಳು. ಮಿರ್ತಾಲಾ ಹಾಳೆಗಳನ್ನು ಆ ತಟ್ಟೆಗೇ ಎಸೆದಳು. ಮುದುಕಿಗೆ ಓದಲು ಬರುತ್ತಿರಲಿಲ್ಲ. ಆದರೂ ಅದೇನೆಂದು ತಿಳಿಯಿತು.

"ಓದಿದಳಾ?" ಎಂದಳು.

"ನಿಂಗೆ ನಾಚಿಕೆ ಆಗಲ್ವಾ? ನಾನೇ ಕತ್ತರಿಸಿ ಒಲೆಗೆ ಹಾಕ್ದೆ ಅವನ್ನ. ನೀನು ಪಕ್ಕದಲ್ಲಿ ನಿಂತು ರೊಟ್ಟಿ ತಟ್ತಿದ್ದೆ! ಹೆತ್ತ ಮಗಳಿಗೆ ಹೇಳ್ಲಿಲ್ಲ, ಎಲ್ಲಿಂದಲೋ ಬಂದವಳಿಗೆ ಹೇಳ್ದೆ."

"ಅವಳಿಗೆ ಅರ್ಥ ಆಗ್ತಿರಲಿಲ್ಲ ಕಣೇ," ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. "ಬಂದಾಗ ಹಸಿವಿಗೂ ಗಂಡಸಿಗೂ ವ್ಯತ್ಯಾಸ ಗೊತ್ತಿರಲಿಲ್ಲ ಅದಕ್ಕೆ. ಏನು ಹೇಳಿದ್ರೂ ತಲೆ ಆಡಿಸ್ತಿತ್ತು. ಗೋಡೆಗೆ ಹೇಳ್ಕೊಂಡ ಹಾಗೆ ಹೇಳ್ಕೊಂಡೆ. ಹಗುರ ಆಗೋದು. ಆರು ವಾರದಲ್ಲಿ ಕಲಿತುಬಿಡುತ್ತೆ ಅಂತ ನಾನೇನು ಕಂಡೆ? ಓದ್ಲಾ ಅಂತ ಅದು ಕೇಳಿದಾಗ ಹೂಂ ಅಂದೆ. ಹೋಗ್ಲಿ, ಯಾರ ಬಾಯಿಂದ್ಲಾದ್ರೂ ನಿನ್ನ ಕಿವಿಗೆ ಬೀಳ್ಲಿ ಅಂತ."

"ನನಗೇ ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನಿಮ್ಮಪ್ಪನ್ನ ಬೈತಿದ್ದೆ."

ಮಿರ್ತಾಲಾ ಸರಕ್ಕನೆ ನಡುಮನೆಗೆ ಹೋಗಿ ಗೋಡೆಯಿಂದ ಅಪ್ಪ ದೋನ್ ಎಲಿಹಿಯೋನ ಪಟ ಕಿತ್ತಳು. ಊರಿನ ಮೆರವಣಿಗೆಯಲ್ಲಿ ಸಂತನ ಮೂರ್ತಿಗೆ ಹೆಗಲು ಕೊಡುತ್ತಿದ್ದ ಬಡಗಿ, ಎಲ್ಲರೂ ಟೋಪಿ ತೆಗೆದು ಮಾತಾಡಿಸುತ್ತಿದ್ದ ಮನುಷ್ಯ. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಾಗ ಅವರಿಗೆ ಗಂಜಿ ಕುಡಿಸಿ ಮೈ ಒರೆಸಿದ್ದವಳು ಇವಳೇ. ಆಗಲೂ ಅವರ ಎದುರು ಅಣ್ಣನನ್ನು ಬೈದಿದ್ದಳು. ಅಪ್ಪ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು.

"ಮಗ ಅಲ್ಲ ಅಂದನಲ್ಲ, ಹೇಡಿ!"

"ಬಾಯಿ ಮುಚ್ಚು," ಅಮ್ಮ ಗೋಡೆ ಹಿಡಿದು ಎದ್ದು ನಿಂತಿದ್ದಳು. ಅವಳ ದನಿ ಅಷ್ಟು ಗಟ್ಟಿಯಾಗಿದ್ದನ್ನು ಮಿರ್ತಾಲಾ ಕೇಳಿಯೇ ಇರಲಿಲ್ಲ. "ಆ ಹುಡುಗಿಗೂ ಹೇಳ್ದೆ ಇರೋದು ಒಂದಿದೆ, ಕೇಳು. ಓದೋ ಹುಡುಗರನ್ನೆಲ್ಲ ಬಂಡಾಯಗಾರರು ಅಂತ ಎಳ್ಕೊಂಡು ಹೋಗ್ತಿದ್ದ ಕಾಲ. ನೀನು ನಿಮ್ಮಪ್ಪನ ಹೆಗಲ ಮೇಲೆ ನಿದ್ದೆ ಮಾಡ್ತಿದ್ದೆ. ಸೈನಿಕರು ಬಂದೂಕಿನ ಮೂತಿ ನಿನ್ನ ಬೆನ್ನಿಗೆ ಇಟ್ಟಿದ್ರು. ನನ್ನ ಮಗ ಅಂದಿದ್ರೆ ಮನೆಗೇ ಬೆಂಕಿ. ಪಕ್ಕದ ಬೀದೀಲಿ ಹಾಗೇ ಮಾಡಿದ್ರು. ಒಬ್ದೂಲಿಯೋ ನಿನ್ನನ್ನೂ ನೋಡ್ದ. ಅದಕ್ಕೇ ಅಪ್ಪಾ ಅಂತ ಕೂಗ್ಲಿಲ್ಲ."

ಮಿರ್ತಾಲಾ ಪಟವನ್ನು ಬೋರಲಾಗಿ ಕೆಳಗಿಟ್ಟಳು. ಬೈಯಲು ಇನ್ನು ಯಾರೂ ಉಳಿದಿರಲಿಲ್ಲ, ಸಿಟ್ಟು ಮಾತ್ರ ಹಾಗೇ ಇತ್ತು. ತನ್ನ ಬೆಲೆ ಏನೆಂದು ಯಾರೂ ತನ್ನನ್ನು ಕೇಳಿರಲಿಲ್ಲ. ನಾಲ್ಕು ವರ್ಷದ ಮಗುವಿಗಾಗಿ ಮಗನನ್ನು ತೆತ್ತು, ಆ ಮಗುವಿಗೇ ಸುಳ್ಳು ಹೇಳಿ ಬೆಳೆಸಿದ್ದರು.

ಅಷ್ಟರಲ್ಲಿ ಮಾರೆನ್ ಮಳೆಯಲ್ಲಿ ತೊಯ್ದು ಬಾಗಿಲಿಗೆ ಬಂದಳು. ಒಳಗೆ ಬರಲು ಧೈರ್ಯವಿಲ್ಲದೆ ನಿಂತಳು.

"ಬಾ. ಕೂತ್ಕೋ. ಆ ನೋಟ್‌ಬುಕ್ ತೆಗಿ," ಎಂದಳು ಮಿರ್ತಾಲಾ. "ನಮ್ಮಣ್ಣನ್ನ ನನಗಿಂತ ಚೆನ್ನಾಗಿ ನೀನೇ ಬಲ್ಲೆ. ಅವನು ಹೇಗಿದ್ದ? ಏನು ತಿಂತಿದ್ದ? ಓದು. ಒಂದೂ ಬಿಡ್ಬೇಡ."

ಹುಡುಗಿ ಒದ್ದೆ ಬೆರಳಲ್ಲಿ ಪುಟ ತೆರೆದಳು. "ಅವನು... ಹಸಿರು ಸ್ವೆಟರ್. ಅಜ್ಜಿ ಹೆಣೆಯುತ್ತಾಳೆ..."

"ಮುಚ್ಚು ಅದನ್ನ," ಎಂದಳು ಅಮ್ಮ. "ಅವಳನ್ನ ಯಾಕೆ ಕೇಳ್ತೀಯ? ನಾನಿನ್ನೂ ಬದುಕಿದೀನಿ. ಹಸಿರಲ್ಲ, ನೀಲಿ. ತೋಳಿಗೆ ಮಾತ್ರ ಹಸಿರು ಪಟ್ಟಿ. ನೂಲು ಸಾಲದೆ ಬಂತು."

ಮಿರ್ತಾಲಾ ಮಾರೆನ್‌ಗೆ ಒಣಗಿದ ಟವೆಲ್ ಎಸೆದಳು. "ನೀನು ರೂಮಿಗೆ ಹೋಗು. ಇನ್ಮೇಲಿನ ಮಾತು ನಿಂಗಲ್ಲ."

ಅಮ್ಮ ಹುರುಳಿಕಾಯಿ ಬಿಡಿಸುತ್ತಾ ಮಗನ ಕತೆ ಹೇಳಿದಳು. ಒಲೆಯ ಮೇಲೆ ಬೀಜ ಬೇಯುವಾಗಲೂ ಹೇಳಿದಳು. ಮಿರ್ತಾಲಾ ಅಳಲಿಲ್ಲ, ನಡುನಡುವೆ ಜಗಳ ಮಾಡಿದಳು, ಒಮ್ಮೆ ತಟ್ಟೆ ನೆಲಕ್ಕೆ ಕುಕ್ಕಿದಳು. ಆದರೆ ಎದ್ದು ಹೋಗಲಿಲ್ಲ.

ಭಾನುವಾರ ಅವಳೇ ಮಾರೆನ್‌ಳನ್ನು ಬಸ್ಸಿಗೆ ಬಿಟ್ಟುಬಂದಳು. ಹುಡುಗಿ ತಬ್ಬಿಕೊಂಡು "ಕ್ಷಮಿಸಿ" ಎಂದಾಗ ಕಂಬದ ಹಾಗೆ ನಿಂತಿದ್ದಳು. ದಾರಿಗೆಂದು ಕಟ್ಟಿದ್ದ ಬುತ್ತಿಯನ್ನು ಮಾತ್ರ ಕೈಗೆ ತುರುಕಿದಳು. ಅಪ್ಪನ ಪಟದ ವಿಷಯ ಒಂದು ವಾರ ನಡೆಯಿತು: ಇವಳು ತೆಗೆದಿಡುವುದು, ಅಮ್ಮ ಮತ್ತೆ ತೂಗುಹಾಕುವುದು. ಕೊನೆಗೆ ಅದು ಅಮ್ಮನ ಮಂಚದ ಮೇಲಿನ ಗೋಡೆ ಸೇರಿತು. ಮಿರ್ತಾಲಾ ಆ ಕೋಣೆಗೆ ಹೋದರೆ ಅತ್ತ ನೋಡುತ್ತಿರಲಿಲ್ಲ.

ಮುಂದಿನ ಸೋಮವಾರ ಅಮ್ಮನ ತೋಳು ಹಿಡಿದು, ಕಾಣೆಯಾದವರ ಮೂಳೆ ಹುಡುಕಿ ಗುರುತು ಹಚ್ಚುವವರ ಕಚೇರಿಗೆ ಹೋದಳು. ಮೆಟ್ಟಿಲು ಹತ್ತಲು ಮುದುಕಿಗೆ ಕಾಲು ಗಂಟೆ ಹಿಡಿಯಿತು. ಮೇಜಿನ ಹಿಂದೆ ಕೂತಿದ್ದವನು ಗಡಿಯಾರ ನೋಡಿ, "ಡಿಎನ್‌ಎಗೆ ಎಂಜಲಿನ ಮಾದರಿ ತಗೊಳ್ಳೋರು ಗುರುವಾರ ಬರ್ತಾರಮ್ಮ. ಗುರುವಾರ ಬನ್ನಿ," ಎಂದ.

ಮಿರ್ತಾಲಾ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಮೇಜಿಗೆ ಎರಡೂ ಕೈ ಊರಿ ನಿಂತಳು.

"ಎಂಜಲು ಗುರುವಾರ ತಗೊಳ್ಳಿ. ಹೆಸರು ಇವತ್ತೇ ಬರ್ಕೊಳ್ಳಿ. ಬರ್ಕೊಳ್ಳೋತನಕ ನಾವಿಬ್ರೂ ಇಲ್ಲಿಂದ ಏಳಲ್ಲ."

ಅವನು ಅವಳ ಮುಖ ನೋಡಿದ, ಫಾರಂ ಎಳೆದುಕೊಂಡ. "ಹೇಳಿ."

"ಒಬ್ದೂಲಿಯೋ ಇಶ್ಕೋಟ್," ಎಂದಳು ಮಿರ್ತಾಲಾ, ಕಾರಿಡಾರಿನ ಕೊನೆಯವರೆಗೂ ಕೇಳುವ ಹಾಗೆ.